ಐನ್‌ಮನೆಯ ತ್ರೀಡಿ ಮಾದರಿ ಎರಡು ಕಡ್ಡಿ ಸಿಗ್ನಲ್‌ನಲ್ಲಿ ತೆರೆಯಬೇಕೆಂದರೆ

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಕಡೆಯವರು. ನಮ್ಮ ಒಕ್ಕದ, ಅಂದರೆ ಕುಲದ, ಮೂಲ ಮನೆಯಾದ ಐನ್‌ಮನೆಯ ದುರಸ್ತಿ ಶುರುವಾಗುವ ಮೊದಲು ನೂರಾರು ಫೋಟೋ ತೆಗೆಸಿ ಅವುಗಳಿಂದ ತ್ರೀಡಿ ಮಾದರಿ ಮಾಡಿಸಿಟ್ಟಿದ್ದೇವೆ. ಆಕಾರವನ್ನು ಹಿಡಿದಿಟ್ಟ ಒಬಿಜೆ ಫೈಲ್ 340 ಎಂಬಿ ಇದೆ, ಜೊತೆಗೆ 8192 ಪಿಕ್ಸೆಲ್ ಅಳತೆಯ, ಮೇಲ್ಮೈಗೆ ಹೊದಿಸುವ ಬಣ್ಣದ ಚಿತ್ರಗಳಾದ ಎಂಟು ಜೆಪೆಗ್ ಟೆಕ್ಸ್ಚರ್‌ಗಳು ಸೇರಿ 72 ಎಂಬಿ. ಮೇಲ್ಮೈಯನ್ನು ಕಟ್ಟಿರುವುದು ಒಟ್ಟು 40 ಲಕ್ಷ ಸಣ್ಣ ತ್ರಿಕೋನಗಳಂತೆ. ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಊರಲ್ಲಿರುವವರೂ ಹೊರಗಿರುವವರೂ ಮೊಬೈಲಿನಲ್ಲೇ ನೋಡುವ ಹಾಗೆ ವೆಬ್‌ಸೈಟಿಗೆ ಹಾಕುವ ಆಸೆ. ಜಿಪ್ ಮಾಡಿದರೆ 165 ಎಂಬಿಗಿಂತ ಕೆಳಗಿಳಿಯಲಿಲ್ಲ. ತ್ರೀಡಿ ಮಾದರಿಗಳನ್ನು ಕುಗ್ಗಿಸುವ ಡ್ರಾಕೋ ಹಾಕಿದೆ, 86 ಎಂಬಿ ಆಯಿತು, ಆದರೆ ಬಾಗಿಲಿನ ಕೆತ್ತನೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮಡಿಕೇರಿಯಲ್ಲಿ ವೈಫೈ ಇರುವ ಕಡೆ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತದೆ. ಅದೇ ವೈಫೈಯಲ್ಲಿ ಮೊಬೈಲಿನಲ್ಲಿ ಪೂರ್ತಿ ಇಳಿದ ಮೇಲೆ ಪುಟ ತಾನಾಗಿ ರೀಲೋಡ್ ಆಗುತ್ತದೆ. ಮನೆಯಲ್ಲಂತೂ ಎರಡು ಕಡ್ಡಿ ಸಿಗ್ನಲ್, ಮಳೆ ಬಂದರೆ ಅದೂ ಇಲ್ಲ. ತ್ರಿಕೋನಗಳನ್ನು ಒಂದು ಲಕ್ಷಕ್ಕೆ ಇಳಿಸಿ ಎಂದು ಒಬ್ಬರು ಹೇಳುತ್ತಾರೆ. ಹಾಗೆ ಮಾಡಿದರೆ ಕೆತ್ತನೆ ಹಾಳು, ತ್ರಿಕೋನಗಳ ಬದಲು ಬಣ್ಣದ ಮಸುಕು ಚುಕ್ಕೆಗಳಿಂದ ದೃಶ್ಯ ಕಟ್ಟುವ ಗಾಸಿಯನ್ ಸ್ಪ್ಲಾಟ್ ಮಾಡಿಸಿ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ? ಕೆಲಸ ಮುಗಿದ ಮೇಲೆ ಹಳೆಯ ಫೈಲುಗಳನ್ನು ಅಳಿಸಬಹುದೇ?

ಉತ್ತರ: ನೀವು ಒಂದೇ ತೊಂದರೆ ಎಂದುಕೊಂಡಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಫೈಲ್ ಇಳಿಯಲು ಹಿಡಿಯುವ ಸಮಯ ಒಂದು. ಇಳಿದ ಮೇಲೆ ಮೊಬೈಲಿನ ಮೆಮೊರಿಯಲ್ಲಿ ಅದು ಹಿಡಿಯುವ ಜಾಗ ಇನ್ನೊಂದು. ಕೆತ್ತನೆ ಕೆಟ್ಟಿದ್ದು ಮೂರನೆಯದು, ಅದಕ್ಕೂ ನೆಟ್‌ವರ್ಕಿಗೂ ಸಂಬಂಧವೇ ಇಲ್ಲ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಡ್ರಾಕೋ ಹಾಕಿಯೂ ಮೊಬೈಲ್ ಸೋತದ್ದು ಅದಕ್ಕೇ.

ಮೊಬೈಲಿನಿಂದಲೇ ಶುರುಮಾಡೋಣ. ವೈಫೈಯಲ್ಲಿ ಪೂರ್ತಿ ಇಳಿದ ಮೇಲೂ ಪುಟ ರೀಲೋಡ್ ಆಯಿತೆಂದರೆ ಬ್ರೌಸರಿಗೆ ಮೆಮೊರಿ ಸಾಲಲಿಲ್ಲ ಎಂದೇ ಅರ್ಥ. ಜೆಪೆಗ್ ಚಿಕ್ಕದಾಗಿರುವುದು ಡಿಸ್ಕಿನಲ್ಲಿ ಮತ್ತು ದಾರಿಯಲ್ಲಿ ಮಾತ್ರ. ತೆರೆಯ ಮೇಲೆ ಬರಬೇಕಾದರೆ ಅದನ್ನು ಪೂರ್ತಿ ಬಿಚ್ಚಿ, ಪಿಕ್ಸೆಲಿಗೆ 4 ಬೈಟಿನ ಲೆಕ್ಕದಲ್ಲಿ ಗ್ರಾಫಿಕ್ಸ್ ಮೆಮೊರಿಗೆ ತುಂಬಬೇಕು. 8192 ಗುಣಿಸು 8192 ಗುಣಿಸು 4 ಎಂದರೆ 256 ಎಂಬಿ. ದೂರದಿಂದ ನೋಡುವಾಗ ಬೇಕಾಗುವ ಚಿಕ್ಕ ಪ್ರತಿಗಳು, ಅಂದರೆ ಮಿಪ್‌ಮ್ಯಾಪ್‌ಗಳು, ಸೇರಿದರೆ 340 ಎಂಬಿ. ಅಂಥವು ಎಂಟು. ನಿಮ್ಮ 72 ಎಂಬಿ ಟೆಕ್ಸ್ಚರ್ ಮೊಬೈಲಿನ ಒಳಗೆ 2.7 ಜಿಬಿ ಆಗಿ ಕೂರುತ್ತದೆ. 4 ಜಿಬಿ ರ‍್ಯಾಮಿನ ಫೋನಿನಲ್ಲಿ ಒಂದು ಟ್ಯಾಬಿಗೆ ಅಷ್ಟು ಜಾಗ ಯಾರೂ ಕೊಡುವುದಿಲ್ಲ. ಜೆಪೆಗ್ ಗುಣಮಟ್ಟವನ್ನು 90ರಿಂದ 60ಕ್ಕೆ ಇಳಿಸಿದರೂ ಈ ಲೆಕ್ಕ ಒಂದು ಬೈಟೂ ಬದಲಾಗದು. ಪಿಕ್ಸೆಲ್ ಅಳತೆಯನ್ನೇ ಇಳಿಸಬೇಕು.

ಜಿಪ್ ವಿಷಯ ಬೇಗ ಮುಗಿಸುತ್ತೇನೆ. ಒಬಿಜೆ ಎಂಬುದು ಅಂಕಿಗಳನ್ನು ಅಕ್ಷರವಾಗಿ ಬರೆದಿಟ್ಟ ಪಠ್ಯ, ಹಾಗಾಗಿ ಅದು ಮೂರು ನಾಲ್ಕು ಪಟ್ಟು ಕುಗ್ಗುತ್ತದೆ. ಜೆಪೆಗ್ ಮಾತ್ರ ಮೊದಲೇ ಹಿಂಡಿದ ಬಟ್ಟೆ, ಇನ್ನೆಷ್ಟು ಹಿಂಡಿದರೂ ನೀರು ಬಾರದು. ವೆಬ್ಬಿಗೆ ಒಬಿಜೆಯೇ ಬೇಡ. ಜಿಎಲ್‌ಟಿಎಫ್ ಅಥವಾ ಅದರ ಒಂಟಿ ಫೈಲಿನ ರೂಪವಾದ ಜಿಎಲ್‌ಬಿ ಬಳಸಿ. ಕ್ರೋನೋಸ್ ಸಂಸ್ಥೆ 2017ರಲ್ಲಿ ತಂದ ಜಿಎಲ್‌ಟಿಎಫ್ 2.0 ಈಗ ಐಎಸ್‌ಒ ಮಾನದಂಡವೂ ಹೌದು, ಬ್ರೌಸರಿನಲ್ಲಿ ಮಾದರಿ ತೋರಿಸುವ ತಂತ್ರಾಂಶಗಳಾದ ವೀಕ್ಷಕಗಳೆಲ್ಲ ಅದನ್ನು ಓದುತ್ತವೆ.

ಇನ್ನು ಕೆತ್ತನೆ. ಡ್ರಾಕೋವನ್ನು ಗೂಗಲ್ 2017ರಲ್ಲಿ ಮುಕ್ತವಾಗಿ ಬಿಟ್ಟಿತು. ಅದು ಎರಡು ಕೆಲಸ ಮಾಡುತ್ತದೆ. ಯಾವ ಬಿಂದು ಯಾವುದರ ಜೊತೆ ಸೇರಿ ತ್ರಿಕೋನವಾಗುತ್ತದೆ ಎಂಬ ಜೋಡಣೆಯನ್ನು ಕುಗ್ಗಿಸುವುದು ಮೊದಲನೆಯದು. ಇದರಲ್ಲಿ ನಷ್ಟವೇ ಇಲ್ಲ, ಉಳಿತಾಯ ಮಾತ್ರ ಅಗಾಧ. ನಿಮ್ಮ 40 ಲಕ್ಷ ತ್ರಿಕೋನಗಳ ಜೋಡಣೆಯನ್ನು ಹಾಗೇ ಬರೆದರೆ ತ್ರಿಕೋನಕ್ಕೆ 12 ಬೈಟಿನಂತೆ 48 ಎಂಬಿ. ಸಮತಲದ ತ್ರಿಕೋನ ಜಾಲಗಳು ಎಷ್ಟು ಬಗೆಯಲ್ಲಿ ಸಾಧ್ಯ ಎಂದು ಗಣಿತಜ್ಞ ಟಟ್ 1962ರಲ್ಲೇ ಎಣಿಸಿದ್ದಾರೆ. ಆ ಲೆಕ್ಕದ ಪ್ರಕಾರ ಬಿಂದುವೊಂದಕ್ಕೆ ಸುಮಾರು 3.25 ಬಿಟ್ ಸಾಕು. ನಿಮ್ಮ 20 ಲಕ್ಷ ಬಿಂದುಗಳಿಗೆ 1 ಎಂಬಿಯೂ ಬೇಕಿಲ್ಲ. ಡ್ರಾಕೋ ಬಳಸುವುದು ರೊಸಿನ್ಯಾಕ್ 1999ರಲ್ಲಿ ಪ್ರಕಟಿಸಿದ ಎಡ್ಜ್‌ಬ್ರೇಕರ್ ವಿಧಾನವನ್ನು. ಅದು ತ್ರಿಕೋನಕ್ಕೆ ಒಂದೆರಡು ಬಿಟ್ಟಿನಲ್ಲಿ ಕೆಲಸ ಮುಗಿಸುತ್ತದೆ. ಈ ಭಾಗ ಹೆಚ್ಚುಕಡಿಮೆ ಪುಕ್ಕಟೆ ಎಂದುಕೊಳ್ಳಿ.

ದುಡ್ಡು ಕೇಳುವುದು ಎರಡನೆಯ ಕೆಲಸ, ಬಿಂದುಗಳ ಸ್ಥಾನ. 32 ಬಿಟ್ಟಿನ ದಶಮಾಂಶ ಅಂಕಿಗಳನ್ನು ಡ್ರಾಕೋ ಒಂದು ಚೌಕುಳಿ ಜಾಲದ ಮೇಲೆ ಕೂರಿಸುತ್ತದೆ. ಜಾಲ ಎಷ್ಟು ನವಿರು ಎಂಬುದನ್ನು ಹೇಳುವುದು ನೀವು ಕೊಡುವ ಬಿಟ್ ಸಂಖ್ಯೆ. ಅದರ ಮೂಲ ಎನ್‌ಕೋಡರಿನಲ್ಲಿ, ಅಂದರೆ ಕುಗ್ಗಿಸುವ ತಂತ್ರಾಂಶದಲ್ಲಿ, ಸ್ಥಾನಕ್ಕೆ ತಾನಾಗಿ ಇರುವುದು 11 ಬಿಟ್, ಎಂದರೆ ಮಾದರಿಯ ಅತಿ ಉದ್ದದ ದಿಕ್ಕಿನಲ್ಲಿ 2048 ಹೆಜ್ಜೆ. ಇಲ್ಲಿ ಎಲ್ಲರೂ ಮರೆಯುವ ಮಾತೊಂದಿದೆ. ಅಳತೆಗೆ ತೆಗೆದುಕೊಳ್ಳುವುದು ಮನೆಯನ್ನಲ್ಲ, ಫೈಲಿನಲ್ಲಿರುವ ಅತಿ ದೂರದ ಬಿಂದುವನ್ನು. ಫೋಟೋಗಳಲ್ಲಿ ಓಣಿ, ಅಂಗಳದಾಚೆಯ ಕಾಫಿ ಗಿಡ, ಸಿಲ್ವರ್ ಓಕ್ ಎಲ್ಲ ಬಂದಿರುತ್ತವೆ. ಮಾದರಿ 60 ಮೀಟರ್ ಹರಡಿಕೊಂಡಿದ್ದರೆ ಹೆಜ್ಜೆಯೊಂದು 29 ಮಿಲಿಮೀಟರ್. ಬಾಗಿಲಿನ ಕೆತ್ತನೆಯ ಆಳವೇ ಆರೆಂಟು ಮಿಲಿಮೀಟರ್ ಇದ್ದರೆ ಅದು ಉಳಿಯುವುದೆಲ್ಲಿ? ನಿಮಗೆ ಕಾಣುತ್ತಿರುವ ಮೆಟ್ಟಿಲುಗಳು ಇವೇ. ತಪ್ಪು ಡ್ರಾಕೋದ್ದಲ್ಲ, ತೋಟದ ಸಮೇತ ಅದರ ಬಾಯಿಗೆ ಕೊಟ್ಟದ್ದು.

ತ್ರಿಕೋನಗಳ ಬಗ್ಗೆ ಇಬ್ಬರು ಹೇಳಿದ್ದೂ ಅರ್ಧರ್ಧ ಸರಿ. ಫೋಟೋಗಳಿಂದ ಹುಟ್ಟಿದ ಜಾಲದಲ್ಲಿ ತ್ರಿಕೋನಗಳು ಎಲ್ಲ ಕಡೆ ಒಂದೇ ದಟ್ಟಣೆಯಲ್ಲಿ ಹರಡಿರುತ್ತವೆ. ಸುಣ್ಣ ಬಳಿದ ಚಪ್ಪಟೆ ಗೋಡೆಗೂ ಕೆತ್ತಿದ ಕಂಬಕ್ಕೂ ಭೇದವಿಲ್ಲ. ಗೋಡೆಯ ಮೇಲಿನ ಸಾವಿರಾರು ಸಣ್ಣ ಉಬ್ಬುಗಳು ವಿವರವಲ್ಲ, ಲೆಕ್ಕಾಚಾರದ ಗೊಜಲು. ಎಲೆಗಳು ಇನ್ನೂ ಕೆಟ್ಟವು. ಗಾಳಿಗೆ ಅಲುಗಿದ ಕಾಫಿ ಗಿಡ ಜಾಲದಲ್ಲಿ ಕರಗಿದ ಮೇಣದ ಮುದ್ದೆಯಾಗಿ ಬಂದು, ತ್ರಿಕೋನಗಳ ದೊಡ್ಡ ಪಾಲನ್ನು ನುಂಗಿರುತ್ತದೆ. ಇವನ್ನು ಧಾರಾಳವಾಗಿ ಕಡಿಯಬಹುದು. ಆದರೆ ಇಡೀ ಮನೆಗೆ ಒಂದೇ ಅನುಪಾತ ಹಾಕಿ ಒಂದು ಲಕ್ಷಕ್ಕೆ ಇಳಿಸಿದರೆ ಕೆತ್ತನೆಯೂ ಗೋಡೆಯ ಜೊತೆಗೇ ಹೋಗುತ್ತದೆ. ಅದಕ್ಕೆ ಮಾದರಿಯನ್ನು ಒಡೆದು ಬೇರೆ ಬೇರೆ ಮಾಡಿ ಇಳಿಸುವುದು.

ನಾನು ಹೇಳುವ ಕ್ರಮ ಹೀಗೆ. ತ್ರೀಡಿ ತಂತ್ರಾಂಶಗಳಾದ ಮೆಶ್‌ಲ್ಯಾಬ್ ಮತ್ತು ಬ್ಲೆಂಡರ್ ಸಾಕು, ಎರಡೂ ಉಚಿತ.

ಮೊದಲು ಅಂಗಳದ ಅಂಚಿನಿಂದ ಆಚೆ ಇರುವುದನ್ನೆಲ್ಲ ಕತ್ತರಿಸಿ. ಗಾಳಿಯಲ್ಲಿ ತೇಲುವ ಬಿಡಿ ಚೂರುಗಳನ್ನು ಹುಡುಕಿ ತೆಗೆಯಿರಿ. ಒಂದೇ ಒಂದು ಚೂರು ದೂರದಲ್ಲಿ ಉಳಿದರೂ ಮೇಲೆ ಹೇಳಿದ ಹೆಜ್ಜೆಯ ಲೆಕ್ಕ ಕೆಡುತ್ತದೆ. ಆಮೇಲೆ ಮಾದರಿಯನ್ನು ಎರಡು ಭಾಗ ಮಾಡಿ. ಗೋಡೆ, ಹೆಂಚಿನ ಮಾಡು, ಮೆಟ್ಟಿಲು, ಅಂಗಳ ಸೇರಿ ಒಡಲು. ಬಾಗಿಲು, ಜಗಲಿಯಾದ ಕಯ್ಯಾಲೆಯ ಕಂಬಗಳು, ಕಂಬಗಳ ನಡುವಿನ ಮರದ ಆಸನವಾದ ಐಮರ ಇವು ಕೆತ್ತನೆಯ ಭಾಗ, ಪ್ರತಿಯೊಂದೂ ಬೇರೆ ಬೇರೆ ಫೈಲು. ಒಡೆಯುವಾಗ ಬಾಗಿಲಿನ ಚೌಕಟ್ಟು ಗೋಡೆಯೊಳಗೆ ಎರಡು ಮೂರು ಸೆಂಟಿಮೀಟರ್ ಹೊಕ್ಕಿರುವ ಹಾಗೆ ಇಟ್ಟುಕೊಳ್ಳಿ. ಎರಡು ಫೈಲುಗಳ ಚೌಕುಳಿ ಜಾಲ ಒಂದಕ್ಕೊಂದು ತಾಳೆಯಾಗುವುದಿಲ್ಲ, ಅಂಚಿಗೆ ಅಂಚು ಇಟ್ಟರೆ ನಡುವೆ ಕೂದಲೆಳೆಯ ಬಿರುಕು ಕಾಣುತ್ತದೆ. ಒಂದರೊಳಗೆ ಒಂದು ಹೊಕ್ಕಿದ್ದರೆ ಆ ತೊಂದರೆ ಇಲ್ಲ.

ಈಗ ತ್ರಿಕೋನ ಇಳಿಸುವುದು. ಮೆಶ್‌ಲ್ಯಾಬಿನ ಕ್ವಾಡ್ರಿಕ್ ಎಡ್ಜ್ ಕೊಲ್ಯಾಪ್ಸ್ ಎಂಬ ಆಯ್ಕೆ ಚಪ್ಪಟೆ ಜಾಗದಲ್ಲಿ ಹೆಚ್ಚು, ಮೂಲೆಗಳಲ್ಲಿ ಕಡಿಮೆ ತೆಗೆಯುತ್ತದೆ. ಗಾರ್ಲೆಂಡ್ ಮತ್ತು ಹೆಕ್‌ಬರ್ಟ್ 1997ರಲ್ಲಿ ಕೊಟ್ಟ ವಿಧಾನ, ಇವತ್ತಿಗೂ ಅದೇ ಬಂಡವಾಳ. ಒಡಲಿಗೆ 1.2 ಲಕ್ಷ, ಬಾಗಿಲಿಗೆ 50 ಸಾವಿರ ಎಂದಿಟ್ಟುಕೊಳ್ಳಿ. ಒಡಲಿನದೇ ಇನ್ನೊಂದು ಪ್ರತಿಯನ್ನು 15 ಸಾವಿರಕ್ಕೆ ಇಳಿಸಿಡಿ, ಅದು ಮುಂದೆ ಬೇಕಾಗುತ್ತದೆ.

ಹಳೆಯ ಟೆಕ್ಸ್ಚರ್ ಇನ್ನು ಕೆಲಸಕ್ಕೆ ಬಾರದು. ಮಾದರಿಯ ಮೇಲ್ಮೈಯನ್ನು ಚಪ್ಪಟೆಯಾಗಿ ಬಿಡಿಸಿ ಟೆಕ್ಸ್ಚರಿನ ಮೇಲೆ ಹಾಸುವುದು ಯುವಿ ನಕ್ಷೆ. ತಂತ್ರಾಂಶ ತಾನಾಗಿ ಮಾಡಿದ ಆ ನಕ್ಷೆಯಲ್ಲಿ ನೂರಾರು ಚೂರುಗಳಿರುತ್ತವೆ, ಪ್ರತಿ ಚೂರಿನ ಅಂಚಿನಲ್ಲೂ ಬಿಂದುಗಳು ಇಮ್ಮಡಿಯಾಗುತ್ತವೆ, ಕುಗ್ಗಿಸುವಿಕೆ ಅಲ್ಲೇ ಸೋಲುತ್ತದೆ. ಬ್ಲೆಂಡರಿನಲ್ಲಿ ಹೊಸದಾಗಿ ಯುವಿ ಬಿಡಿಸಿ, ಚೂರುಗಳ ನಡುವೆ 8 ಪಿಕ್ಸೆಲಿಗಿಂತ ಕಡಿಮೆ ಅಂತರ ಬಿಡಬೇಡಿ. ಇಲ್ಲದಿದ್ದರೆ ದೂರದಿಂದ ನೋಡುವಾಗ ಗೋಡೆಯ ಮೇಲೆ ಪಕ್ಕದ ಚೂರಿನ ಬಣ್ಣದ ಗೆರೆ ಮೂಡುತ್ತದೆ. ಆಮೇಲೆ ಮೂಲ ಮಾದರಿಯಿಂದ ಹೊಸದಕ್ಕೆ ಬಣ್ಣ ಬೇಕ್ ಮಾಡಿ, ಅಂದರೆ ಹೊಸ ಟೆಕ್ಸ್ಚರಿಗೆ ಇಳಿಸಿ. ಬ್ಲೆಂಡರಿನ ಸೈಕಲ್ಸ್ ರೆಂಡರರಿನಲ್ಲಿ ‘ಸೆಲೆಕ್ಟೆಡ್ ಟು ಆ್ಯಕ್ಟಿವ್’ ಆಯ್ಕೆ, ಮೂಲದ ಬಣ್ಣ ಹುಡುಕುವ ದೂರವಾದ ಎಕ್ಸ್‌ಟ್ರೂಷನ್ 2ರಿಂದ 3 ಸೆಂಟಿಮೀಟರ್. ಕಡಿಮೆಯಾದರೆ ಕಪ್ಪು ಚುಕ್ಕೆಗಳು ಬರುತ್ತವೆ. ಹೆಚ್ಚಾದರೆ ಕಂಬದ ಒಂದು ಮುಖಕ್ಕೆ ಹಿಂದಿನ ಗೋಡೆಯ ಬಣ್ಣ ಅಂಟಿಕೊಳ್ಳುತ್ತದೆ. ಎರಡೂ ಆದರೆ ಗಾಬರಿ ಬೇಡ, ಆ ಅಂಕಿಯನ್ನು ಅರ್ಧ ಸೆಂಟಿಮೀಟರಿನಂತೆ ಸರಿಸುತ್ತ ನೋಡಿ.

ಟೆಕ್ಸ್ಚರ್ ಎಷ್ಟು ದೊಡ್ಡದಿರಬೇಕು? ಇದನ್ನು ಊಹೆಗೆ ಬಿಡುವುದು ಬೇಡ. 28 ಮೀಟರ್ ಅಗಲದ ಮನೆ 1080 ಪಿಕ್ಸೆಲ್ ಅಗಲದ ಮೊಬೈಲ್ ತೆರೆಯಲ್ಲಿ ಪೂರ್ತಿ ಕಂಡಾಗ ಒಂದು ಪಿಕ್ಸೆಲಿಗೆ 26 ಮಿಲಿಮೀಟರ್ ಬರುತ್ತದೆ. ಒಡಲಿನ ಮೇಲ್ಮೈ 900 ಚದರ ಮೀಟರ್ ಇದ್ದು, ಯುವಿ ಹಾಳೆಯ ಶೇ 70 ಭಾಗ ಮಾತ್ರ ತುಂಬಿದರೂ, 2048ರ ಎರಡು ಟೆಕ್ಸ್ಚರ್‌ಗಳು ಪಿಕ್ಸೆಲಿಗೆ ಸುಮಾರು 12 ಮಿಲಿಮೀಟರ್ ವಿವರ ಕೊಡುತ್ತವೆ. ಎರಡು ಪಟ್ಟು ಹತ್ತಿರ ಹೋಗುವವರೆಗೆ ಮಸುಕಾಗುವುದಿಲ್ಲ. ಬಾಗಿಲಿಗೆ ಅದರದೇ 2048 ಟೆಕ್ಸ್ಚರ್ ಕೊಟ್ಟರೆ ಪಿಕ್ಸೆಲಿಗೆ ಒಂದೂವರೆ ಮಿಲಿಮೀಟರಿನ ಆಸುಪಾಸು. ಮೆಮೊರಿಯಲ್ಲಿ ಇಂಥದ್ದೊಂದು ಮಿಪ್‌ಮ್ಯಾಪ್ ಸೇರಿ 21 ಎಂಬಿ, ನಾಲ್ಕು ಇದ್ದರೂ 85 ಎಂಬಿ. 2.7 ಜಿಬಿಯಿಂದ ಇಲ್ಲಿಗೆ ಬಂದೆವು.

ಒಡಲಿಗೆ ‘ಅನ್‌ಲಿಟ್’ ಮೆಟೀರಿಯಲ್ ಕೊಡಿ. ಫೋಟೋದಲ್ಲಿ ಬಿದ್ದ ಬೆಳಕೇ ಅದರಲ್ಲಿದೆ, ಮತ್ತೊಮ್ಮೆ ಬೆಳಕು ಹಾಕುವುದು ವ್ಯರ್ಥ. ಮೇಲ್ಮೈ ಯಾವ ಕಡೆ ಮುಖಮಾಡಿದೆ ಎಂದು ಹೇಳುವ ನಾರ್ಮಲ್ ಎಂಬ ಇನ್ನೊಂದು ರಾಶಿ ಅಂಕಿಗಳನ್ನು ಕಳಿಸುವ ಖರ್ಚೂ ಉಳಿಯಿತು. ಕೊಡಗಿನ ಮೋಡದ ದಿನದಲ್ಲಿ ತೆಗೆದ ಫೋಟೋಗಳಾಗಿದ್ದರೆ ಇನ್ನೂ ಚೆಂದ, ಗಡುಸು ನೆರಳು ಇರುವುದಿಲ್ಲ. ಬಾಗಿಲಿಗೆ ಮಾತ್ರ ಬೆಳಕು ಬೇಕು, ಜೊತೆಗೆ ಮೂಲದಿಂದ ಬೇಕ್ ಮಾಡಿದ ನಾರ್ಮಲ್ ಮ್ಯಾಪ್ ಬೇಕು. ಮಾದರಿಯನ್ನು ತಿರುಗಿಸುವಾಗ ಕೆತ್ತನೆಯ ಏರಿಳಿತ ಕಣ್ಣಿಗೆ ತಾಕುವುದು ಅದರಿಂದಲೇ. 50 ಸಾವಿರ ತ್ರಿಕೋನದಲ್ಲಿ ಉಳಿಯದ ಗೀರುಗಳೂ ಅದರಲ್ಲಿ ಉಳಿದಿರುತ್ತವೆ. ನಾರ್ಮಲ್ ಮ್ಯಾಪನ್ನು ಮಾತ್ರ ಬಿಗಿಯಾಗಿ ಕುಗ್ಗಿಸಬೇಡಿ, ಬೆಳಕು ಚೌಕ ಚೌಕವಾಗಿ ಒಡೆದು ಕಾಣುತ್ತದೆ. ವೆಬ್‌ಪಿ ಎಂಬ ಚಿತ್ರರೂಪದಲ್ಲಿ ಗುಣಮಟ್ಟ 90 ಇರಲಿ. ಬಣ್ಣದ ಟೆಕ್ಸ್ಚರಿಗೆ 75 ಸಾಕು.

ಕೆಟಿಎಕ್ಸ್2 ಎಂಬ ಟೆಕ್ಸ್ಚರ್ ರೂಪ ಬಳಸಿ ಎಂದು ಯಾರಾದರೂ ಹೇಳಬಹುದು. ಅದು ಗ್ರಾಫಿಕ್ಸ್ ಮೆಮೊರಿಯಲ್ಲೂ ಕುಗ್ಗಿದ ರೂಪದಲ್ಲೇ ಇರುತ್ತದೆ ಎಂಬುದು ನಿಜ, 4096 ಅಥವಾ ಹೆಚ್ಚಿನ ಟೆಕ್ಸ್ಚರ್ ಬೇಕೇಬೇಕು ಎನ್ನುವವರಿಗೆ ಬೇರೆ ದಾರಿಯೂ ಇಲ್ಲ. ಆದರೆ ಅದೇ ನೋಟಕ್ಕೆ ವೆಬ್‌ಪಿಗಿಂತ ಫೈಲು ದೊಡ್ಡದಾಗುವುದೇ ಹೆಚ್ಚು, ಬಿಚ್ಚುವ ಕೋಡನ್ನೂ ಇಳಿಸಿಕೊಳ್ಳಬೇಕು. ನಾಲ್ಕು ಟೆಕ್ಸ್ಚರಿನ ನಿಮ್ಮ ಕೆಲಸಕ್ಕೆ ಅಗತ್ಯವಿಲ್ಲ.

ಕೊನೆಗೆ ಜಾಲವನ್ನು ಕುಗ್ಗಿಸುವುದು. ಕತ್ತರಿಸಿದ ಒಡಲು 32 ಮೀಟರ್ ಇದ್ದರೆ 14 ಬಿಟ್ಟಿನಲ್ಲಿ ಹೆಜ್ಜೆ 2 ಮಿಲಿಮೀಟರ್. ಎರಡೂವರೆ ಮೀಟರಿನ ಬಾಗಿಲಿಗೆ 12 ಬಿಟ್ಟಿನಲ್ಲೇ 0.6 ಮಿಲಿಮೀಟರ್. ಬೇರೆ ಫೈಲು ಮಾಡಿದ್ದರ ಲಾಭ ಇದು, ಕಡಿಮೆ ಬಿಟ್ಟಿನಲ್ಲಿ ಹೆಚ್ಚು ನಯ. ಯುವಿಗೆ ಟೆಕ್ಸ್ಚರಿನ ಅಳತೆಗಿಂತ ಒಂದು ಬಿಟ್ ಹೆಚ್ಚು ಕೊಡಿ. 2048 ಎಂದರೆ 11 ಬಿಟ್, ಹಾಗಾಗಿ 12. ಹತ್ತಕ್ಕೆ ಇಳಿಸಿದರೆ ಹೆಂಚಿನ ಸಾಲುಗಳು ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಅತ್ತಿತ್ತ ಜಾರುತ್ತವೆ.

ಡ್ರಾಕೋವೋ, ಜಾಲ ಕುಗ್ಗಿಸುವ ಇನ್ನೊಂದು ವಿಧಾನವಾದ ಮೆಶ್‌ಆಪ್ಟೋ ಎಂಬ ಪ್ರಶ್ನೆಗೆ, ನಿಮ್ಮ ಅಳತೆಯಲ್ಲಿ ನನ್ನ ಆಯ್ಕೆ ಮೆಶ್‌ಆಪ್ಟ್. ಒಡಲಿನ ಜಾಲ ಡ್ರಾಕೋದಲ್ಲಿ 400 ಕೆಬಿ ಆಸುಪಾಸು ಬಂದರೆ ಮೆಶ್‌ಆಪ್ಟಿನಲ್ಲಿ 600, 700 ಆಗಬಹುದು. ಆದರೆ ಡ್ರಾಕೋವನ್ನು ಬಿಚ್ಚುವ ಕೋಡ್ ದೊಡ್ಡದು, ಹಳೆಯ ಫೋನಿನಲ್ಲಿ ಬಿಚ್ಚುವುದೂ ನಿಧಾನ. ಮೆಶ್‌ಆಪ್ಟಿನದು ಪುಟ್ಟದು, ಕಣ್ಣು ಮಿಟುಕಿಸುವಷ್ಟರಲ್ಲಿ ಬಿಚ್ಚುತ್ತದೆ. ಮಾದರಿ ಹತ್ತಿಪ್ಪತ್ತು ಲಕ್ಷ ತ್ರಿಕೋನದ್ದಾಗಿದ್ದರೆ ಲೆಕ್ಕ ಡ್ರಾಕೋ ಕಡೆಗೆ ವಾಲುತ್ತಿತ್ತು. ಮೆಶ್‌ಆಪ್ಟ್ ಬಳಸುವವರು ಒಂದು ಮಾತು ಮರೆಯಬಾರದು: ಸರ್ವರ್ ಅದನ್ನು ಜಿಜಿಪ್ ಅಥವಾ ಬ್ರಾಟ್ಲಿ ವಿಧಾನದಲ್ಲಿ ಮತ್ತೆ ಕುಗ್ಗಿಸಿ ಕಳಿಸಿದಾಗಲೇ ಪೂರ್ತಿ ಲಾಭ. ಅನೇಕ ಸರ್ವರ್‌ಗಳು ಎಚ್‌ಟಿಎಂಎಲ್‌ಗೆ ಅದನ್ನು ತಾವಾಗಿ ಮಾಡುತ್ತವೆ, ಜಿಎಲ್‌ಬಿಗೆ ಮಾಡುವುದಿಲ್ಲ. ಸೆಟ್ಟಿಂಗಿನಲ್ಲಿ ಹೇಳಿಸಬೇಕು. ಮಾಡೆಲ್‌ವ್ಯೂವರ್ ಎಂಬ ವೀಕ್ಷಕ ಬಳಸುವುದಾದರೆ ಮೆಶ್‌ಆಪ್ಟ್ ಡೀಕೋಡರ್, ಅಂದರೆ ಬಿಚ್ಚುವ ಕೋಡ್, ಎಲ್ಲಿದೆ ಎಂದು ಅದಕ್ಕೆ ನೀವೇ ತೋರಿಸಬೇಕು, ಇಲ್ಲದಿದ್ದರೆ ಮಾದರಿ ಬರುವುದೇ ಇಲ್ಲ. ಡೀಕೋಡರನ್ನೂ ವೀಕ್ಷಕದ ಕೋಡನ್ನೂ ನಿಮ್ಮ ಸರ್ವರಿನಲ್ಲೇ ಇಡಿ. ಬೇರೆ ವಿಳಾಸದಿಂದ ತರಿಸಿದರೆ ಪ್ರತಿ ವಿಳಾಸಕ್ಕೂ ಹೊಸ ಸಂಪರ್ಕ, ಹೋಗಿ ಬರುವ ಮೂರು ನಾಲ್ಕು ಸುತ್ತು. ಎರಡು ಕಡ್ಡಿಯಲ್ಲಿ ಆ ಸುತ್ತುಗಳಿಗೇ ಕೆಲವು ಸೆಕೆಂಡು ಹೋಗುತ್ತವೆ.

ಈಗ ದಾರಿಯ ವಿಷಯ. ಮನೆಯಲ್ಲಿ ಸೆಕೆಂಡಿಗೆ 50 ಕೆಬಿ ಸಿಗುತ್ತದೆ ಎಂದುಕೊಳ್ಳಿ. ಈಗಿನ 86 ಎಂಬಿ ಇಳಿಯಲು 29 ನಿಮಿಷ, ಅದೂ ನಡುವೆ ಎಲ್ಲೂ ಕಡಿಯದಿದ್ದರೆ. ಹೊಸ ಒಡಲು ಜಾಲ, ಟೆಕ್ಸ್ಚರ್ ಸೇರಿ 1.7 ಎಂಬಿ ಆಗುತ್ತದೆ, ಎಂದರೆ 34 ಸೆಕೆಂಡು. ಅಷ್ಟು ಹೊತ್ತೂ ಖಾಲಿ ತೆರೆ ನೋಡುತ್ತ ಯಾರೂ ಕೂರುವುದಿಲ್ಲ. ಡ್ರಾಕೋ ಆಗಲಿ ಮೆಶ್‌ಆಪ್ಟ್ ಆಗಲಿ ಅರ್ಧ ಬಂದಷ್ಟನ್ನು ತೋರಿಸುವುದಿಲ್ಲ, ಪೂರ್ತಿ ಬಂದ ಮೇಲೆಯೇ ಬಿಚ್ಚುತ್ತವೆ. ಹಾಗಾಗಿ ಹಂತ ಹಂತವಾಗಿ ಬರುವ ವ್ಯವಸ್ಥೆಯನ್ನು ನೀವೇ ಮಾಡಬೇಕು. ಮೊದಲು 40 ಕೆಬಿಯ ಒಂದು ಚಿತ್ರ. ಮುಟ್ಟಿದ ಮೇಲೆ 15 ಸಾವಿರ ತ್ರಿಕೋನದ ಪ್ರತಿ, 1024 ಟೆಕ್ಸ್ಚರ್, ಒಟ್ಟು 250 ಕೆಬಿ, ಐದು ಸೆಕೆಂಡು. ಅದನ್ನು ತಿರುಗಿಸಿ ನೋಡುತ್ತಿರುವಾಗಲೇ ಹಿಂದಿನಿಂದ ಪೂರ್ತಿ ಒಡಲು ಇಳಿದು ಅದರ ಜಾಗದಲ್ಲಿ ಕೂರಲಿ. ಬಾಗಿಲನ್ನು ಮುಟ್ಟಿದವರಿಗೆ ಮಾತ್ರ ಬಾಗಿಲು, ಇನ್ನೊಂದು 1.4 ಎಂಬಿ. ವೀಕ್ಷಕದ ಕೋಡ್ ತಾನೇ ಕೆಲವು ನೂರು ಕೆಬಿ ಇರುತ್ತದೆ, ಅದನ್ನೂ ಮುಟ್ಟಿದ ಮೇಲೆಯೇ ತರಿಸಿ.

ಫೈಲಿನ ಹೆಸರಿನಲ್ಲೇ ಆವೃತ್ತಿ ಸಂಖ್ಯೆ ಇಟ್ಟು, ಒಂದು ವರ್ಷ ಕ್ಯಾಶಿನಲ್ಲಿ, ಅಂದರೆ ಬ್ರೌಸರ್ ಫೋನಿನಲ್ಲಿ ಉಳಿಸಿಡುವ ಜಾಗದಲ್ಲಿ, ಇರಲಿ ಎಂದು ಸರ್ವರಿಗೆ ಹೇಳಿ. ಪುಟವನ್ನು ಫೋನಿನಲ್ಲೇ ಉಳಿಸಿಕೊಡುವ ಸಣ್ಣ ಕೋಡ್, ಸರ್ವೀಸ್ ವರ್ಕರ್, ಹಾಕಿದರೆ ಒಮ್ಮೆ ಮಡಿಕೇರಿಗೋ ವಿರಾಜಪೇಟೆಗೋ ಹೋದಾಗ ತೆರೆದದ್ದು ಮನೆಯಲ್ಲಿ ಸಿಗ್ನಲ್ ಇಲ್ಲದಾಗಲೂ ತೆರೆಯುತ್ತದೆ. ನಿಮ್ಮ ಊರಿಗೆ ಇದರಷ್ಟು ಉಪಯೋಗದ್ದು ಬೇರಿಲ್ಲ ಎನ್ನುತ್ತೇನೆ. 5ಜಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕಾಯಬೇಡಿ. ಮೊಬೈಲ್ ತರಂಗಗಳನ್ನು ಮಳೆ ಅಷ್ಟೇನೂ ತಡೆಯುವುದಿಲ್ಲ. ಮಳೆಗಾಲದಲ್ಲಿ ಕೈಕೊಡುವುದು ಟವರಿನ ಕರೆಂಟು ಮತ್ತು ಬ್ಯಾಟರಿ, ಟವರಿಂದ ಟವರಿಗೆ ಹೋಗುವ ಮೈಕ್ರೋವೇವ್ ಕೊಂಡಿ. ಹತ್ತು ಗಿಗಾಹರ್ಟ್ಸಿಗಿಂತ ಮೇಲಿನ ಆ ಕೊಂಡಿಗಳಿಗೆ ಜಡಿಮಳೆ ನಿಜಕ್ಕೂ ಅಡ್ಡಿ. ಫೋನಿನಲ್ಲಿ ಏನು ಬರೆದುಕೊಂಡಿದ್ದರೂ ಹಿಂದಿನ ಕೊಂಡಿ ಸೋತರೆ ಅಷ್ಟೇ.

ಗಾಸಿಯನ್ ಸ್ಪ್ಲಾಟ್ 2023ರಿಂದ ಜನಪ್ರಿಯವಾಗಿದೆ, ಎಲೆ, ಗಾಜು, ಹೊಳಪು ಅದರಲ್ಲಿ ಬರುವಷ್ಟು ಚೆನ್ನಾಗಿ ಜಾಲದಲ್ಲಿ ಬರುವುದಿಲ್ಲ. ಆದರೆ ಅದರ ಮೂಲ ರೂಪದಲ್ಲಿ ಒಂದು ಚುಕ್ಕೆಗೆ 230 ಬೈಟಿಗೂ ಮಿಕ್ಕಿ ಬೇಕು, ಹತ್ತು ಲಕ್ಷ ಚುಕ್ಕೆಗೆ 230 ಎಂಬಿ ದಾಟುತ್ತದೆ. ಹತ್ತು ಪಟ್ಟು ಕುಗ್ಗಿಸುವ ರೂಪಗಳು ಬಂದಿವೆ, ಆದರೂ 20 ಎಂಬಿ ಮೇಲೆಯೇ. ಕಡಿಮೆ ಬೆಲೆಯ ಫೋನು ತೆರೆಯ ಮೇಲಿನ ಪ್ರತಿ ಫ್ರೇಮಿಗೂ ಅಷ್ಟೂ ಚುಕ್ಕೆಗಳನ್ನು ಸಾಲಾಗಿ ಜೋಡಿಸುತ್ತ ಬಿಸಿಯಾಗುತ್ತದೆ. ಬೆಂಗಳೂರಿನ ಫೈಬರಿನಲ್ಲಿ ನೋಡುವವರಿಗೆ ಬೇಕಾದರೆ ಇನ್ನೊಂದು ಕೊಂಡಿಯಾಗಿ ಕೊಡಿ.

ಮನೆಯ ಹಿರಿಯರಿಗೆ ಬೆರಳಲ್ಲಿ ತಿರುಗಿಸುವುದೇ ಕಿರಿಕಿರಿ ಎನ್ನಿಸಬಹುದು. ಅವರಿಗೆ ಮಾದರಿಯ ಸುತ್ತ ಒಂದು ಸುತ್ತು ಬರುವ 20 ಸೆಕೆಂಡಿನ ವಿಡಿಯೋ ಮಾಡಿ ವಾಟ್ಸ್ಆ್ಯಪಿನಲ್ಲಿ ಕಳಿಸಿ. ಎರಡು ಮೂರು ಎಂಬಿಯಲ್ಲಿ ಮುಗಿಯುತ್ತದೆ, ಕಡಿದರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಹಾಕುವ ಮೊದಲು ಒಕ್ಕದ ಹಿರಿಯರಾದ ಪಟ್ಟೇದಾರರ ಜೊತೆ ಒಂದು ಮಾತು ಆಡಿ. ವೆಬ್‌ಪುಟದಲ್ಲಿ ಕಾಣುವ ಜಿಎಲ್‌ಬಿಯನ್ನು ಯಾರು ಬೇಕಾದರೂ ಉಳಿಸಿಕೊಳ್ಳಬಹುದು, ಕುಗ್ಗಿಸುವುದು ಬೀಗ ಹಾಕುವುದಲ್ಲ. ನಡುಮನೆಯಾದ ನೆಲ್ಲಕ್ಕಿಯ ಒಳಭಾಗ, ಪೂರ್ವಿಕರ ಗುಡಿಯಾದ ಕೈಮಡ, ಹಳೆಯ ಕತ್ತಿಕೋವಿಗಳು ಇರುವ ಗೋಡೆ ಎಲ್ಲರ ಕಣ್ಣಿಗೂ ಬೇಕೇ ಎಂಬುದನ್ನು ಒಕ್ಕ ನಿರ್ಧರಿಸಲಿ. ಬೇಡವೆಂದರೆ ಆ ಭಾಗವನ್ನು ಫೈಲಿನಿಂದಲೇ ಕತ್ತರಿಸಿ ತೆಗೆಯಬೇಕು. ಪುಟದಲ್ಲಿ ಮರೆಮಾಡಿದರೆ ಸಾಲದು.

ಪರೀಕ್ಷೆ ಮಾಡುವುದು ಒಕ್ಕದಲ್ಲಿರುವ ಅತಿ ಹಳೆಯ ಫೋನಿನಲ್ಲಿ, ಸಂಜೆ ಏಳೆಂಟು ಗಂಟೆಗೆ, ನಿಮ್ಮ ಮನೆಯಲ್ಲೇ. ಕ್ರೋಮಿನಲ್ಲಿ ವೇಗ ತಗ್ಗಿಸಿ ನೋಡುವ ಸೌಲಭ್ಯವಿದೆ, ಆದರೆ ನಡುವೆ ಪೂರ್ತಿ ಕಡಿದು ಮತ್ತೆ ಬರುವ ಸಿಗ್ನಲ್ಲಿನ ಆಟವನ್ನು ಅದು ಆಡಿ ತೋರಿಸದು.

ಹಳೆಯ ಫೈಲುಗಳನ್ನು ಖಂಡಿತ ಅಳಿಸಬೇಡಿ. ವೆಬ್ಬಿಗೆ ಹೋದದ್ದು ನೋಡಲಿಕ್ಕೆ ಮಾತ್ರ, ನಾಳೆ ಬಡಗಿ ಕಂಬದ ಅಳತೆ ಕೇಳಿದರೆ ಅದರಿಂದ ತೆಗೆದು ಕೊಡುವಂತಿಲ್ಲ. ಮೂಲ ಒಬಿಜೆ, ಟೆಕ್ಸ್ಚರ್, ಅದಕ್ಕಿಂತ ಮುಖ್ಯವಾಗಿ ಮೊದಲ ಫೋಟೋಗಳು ಎರಡು ಬೇರೆ ಹಾರ್ಡ್ ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇರಲಿ. ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಫೋಟೋಗಳಿಂದ ಹುಟ್ಟಿದ ಮಾದರಿಗೆ ತಾನಾಗಿ ಅಳತೆ ಗೊತ್ತಿರುವುದಿಲ್ಲ. ದುರಸ್ತಿಗೆ ಬಾಗಿಲು ಕಳಚುವ ಮೊದಲು ಟೇಪು ಹಿಡಿದು ಬಾಗಿಲಿನ ಎತ್ತರ, ಎರಡು ಕಂಬಗಳ ನಡುವಿನ ಅಂತರ ಅಳೆದು, ಆ ಅಂಕಿಗಳನ್ನು ಅದೇ ಫೋಲ್ಡರಿನಲ್ಲಿ ಬರೆದಿಡಿ.